ಇರಾನಿನ ಹೆಂಗಸರು ಗೆದ್ದರಾ? ಪರ ಒಂದು, ವಿರೋಧ ಒಂದು

ಇರಾನ್ ವಿಷ್ಯ ಬಂದ್ರೆ ಸಾಕು, ನಮ್ಮಲ್ಲಿ ಎರಡೇ ಮಾತು. ಒಬ್ರು "ಅಲ್ಲಿ ಎಲ್ಲಾ ಬದಲಾಗೋಯ್ತು ಬಿಡ್ರೀ, ಹುಡ್ಗೀರು ತಲೆ ಮೇಲಿನ ಬಟ್ಟೆ ಕಿತ್ತೆಸೆದ್ರು" ಅಂತಾರೆ, ಇನ್ನೊಬ್ರು "ಏನ್ ಬದಲಾಯ್ತು ಮಣ್ಣು, ಅದೇ ಮುಲ್ಲಾಗಳು, ಅದೇ ಜೈಲು, ಅದೇ ನೇಣು" ಅಂತಾರೆ. ನಾನು ದಿನ ಬಿಟ್ಟು ದಿನ ಒಂದೊಂದು ಕಡೆ ಇರ್ತೀನಿ. ಅದಕ್ಕೇ ಈ ಸಲ ಎರಡೂ ಕಡೆ ನಾನೇ ವಾದ ಮಾಡ್ತೀನಿ, ಓದಿ ಆಮೇಲೆ ನೀವು ಜಗಳ ಆಡ್ಕೊಳ್ಳಿ. ಪ್ರಶ್ನೆ ಇಷ್ಟೇ: 2022ರ ಸೆಪ್ಟೆಂಬರಲ್ಲಿ, ಹಿಜಾಬ್ ಸರಿ ಇಲ್ಲ ಅಂತ ಪೊಲೀಸರು ಹಿಡಿದಿದ್ದ ಮಹ್ಸಾ ಅಮೀನಿ ಅನ್ನೋ ಹುಡುಗಿ ಸತ್ತ ಮೇಲೆ ಎದ್ದ ಚಳವಳಿ ಗೆದ್ದಿತಾ ಇಲ್ವಾ? ಲೆಕ್ಕಾನ 2025ರ ಸೆಪ್ಟೆಂಬರಿಗೆ ನಿಲ್ಲಿಸಿದೀನಿ, ಸರಿಯಾಗಿ ಮೂರು ವರ್ಷ. ಅದರಾಚೆಯದನ್ನ ಇದಕ್ಕೆ ಸೇರಿಸಿದ್ರೆ ಎರಡೂ ಕಲಸುಮೇಲೋಗರ ಆಗುತ್ತೆ.

ನನಗ್ಯಾಕೆ ಇದರಲ್ಲಿ ಇಷ್ಟು ಆಸಕ್ತಿ ಅಂದ್ರೆ, ಮೈಸೂರಲ್ಲಿ ಓದುವಾಗ ನಮ್ಮ ಕ್ಲಾಸಲ್ಲಿ ಇರಾನಿನ ಹುಡುಗಿ ಒಬ್ಳಿದ್ಲು. ಆಗ ಮಾನಸಗಂಗೋತ್ರಿಲಿ ಇರಾನಿಗಳು ಬೇಕಾದಷ್ಟು ಜನ ಇದ್ರು. ಇಲ್ಲಿ ತಲೆಗೆ ಏನೂ ಹಾಕ್ತಿರಲಿಲ್ಲ, ರಜಕ್ಕೆ ಊರಿಗೆ ಹೋಗೋವಾಗ ಮಾತ್ರ ಹ್ಯಾಂಡ್‌ಬ್ಯಾಗಲ್ಲಿ ಮೇಲ್ಗಡೆನೇ ಒಂದು ಸ್ಕಾರ್ಫ್ ಮಡಚಿ ಇಟ್ಕೊಳ್ಳೋಳು. ಯಾಕೆ ಅಂತ ಕೇಳಿದ್ರೆ, "ವಿಮಾನ ಇಳಿಯೋ ಮುಂಚೆ ಎಲ್ಲಾ ಹೆಂಗಸರೂ ಒಟ್ಟಿಗೆ ಬ್ಯಾಗಿಗೆ ಕೈ ಹಾಕ್ತೀವಿ, ನೋಡಿದ್ರೆ ನಗು ಬರುತ್ತೆ" ಅಂತಿದ್ಲು. ಈಗಲೂ ಅವಳು ಮೆಸೇಜ್ ಮಾಡ್ತಿರ್ತಾಳೆ. ಇರಲಿ, ಅವಳ ವಿಷ್ಯ ಆಮೇಲೆ.

ಪರ: ಗೆದ್ದಿದಾರೆ, ನೋಡೋ ಕಣ್ಣು ಬೇಕು

ಇರಾನಿನ ಕುರ್ದಿಸ್ತಾನ ಪ್ರಾಂತ್ಯದ ಸಕ್ಕೆಜ್ ಅನ್ನೋ ಊರಿನ ಹುಡುಗಿ, ವಯಸ್ಸು 22, ದಾಖಲೆಲಿ ಮಹ್ಸಾ, ಮನೇಲಿ ಜೀನಾ. ತೆಹ್ರಾನಿಗೆ ಬಂದಿದ್ದಾಗ ಸೆಪ್ಟೆಂಬರ್ 13ಕ್ಕೆ ಗಶ್ತ್-ಎ-ಇರ್ಶಾದ್ ಅನ್ನೋ ನೈತಿಕ ಪೊಲೀಸರು ಹಿಜಾಬ್ ಸರಿ ಇಲ್ಲ ಅಂತ ವ್ಯಾನಿಗೆ ಹತ್ತಿಸ್ಕೊಂಡು ಹೋದ್ರು, ಕೋಮಾಗೆ ಹೋದ್ಲು, 16ಕ್ಕೆ ತೀರಿಕೊಂಡ್ಲು. ಮಣ್ಣು ಮಾಡೋ ದಿನ ಸಕ್ಕೆಜ್‌ನ ಹೆಂಗಸರು ಸ್ಮಶಾನದಲ್ಲೇ ತಲೆವಸ್ತ್ರ ತೆಗೆದು ಬೀಸಿದ್ರು, ಕುರ್ದಿಶ್‌ನಲ್ಲಿ "ಜಿನ್, ಜಿಯಾನ್, ಆಜಾದಿ" ಅಂತ ಕೂಗಿದ್ರು. ಅದು ಪಾರ್ಸಿ ಭಾಷೆಲಿ "ಜನ್, ಜಿಂದೆಗಿ, ಆಜಾದಿ" ಆಗಿ ದೇಶ ಪೂರ್ತಿ ಹಬ್ಬಿತು. ನಮ್ಮ ಕಿವಿಗೂ ಹೊಸದಲ್ಲ ಈ ಪದಗಳು, ಜನಾನಾ, ಜಿಂದಗಿ, ಆಜಾದಿ ಎಲ್ಲಾ ಅಲ್ಲಿಂದ ಬಂದವೇ. ಅವಳ ಸಮಾಧಿ ಕಲ್ಲಿನ ಮೇಲೆ "ಜೀನಾ, ನೀನು ಸಾಯಲ್ಲ, ನಿನ್ನ ಹೆಸರೇ ಸಂಕೇತ ಆಗುತ್ತೆ" ಅಂತ ಬರೆಸಿದಾರೆ. ಮೂರು ವರ್ಷ ಆದ್ಮೇಲೆ ನೋಡಿದ್ರೆ ಆ ಮಾತು ನಿಜ ಆಗಿದೆ.

ಇದಕ್ಕಿಂತ ಮುಂಚೆ ಹೆಂಗಸರು ಸುಮ್ನಿದ್ರಾ? ಇಲ್ಲ. 1979ರಲ್ಲಿ ಕ್ರಾಂತಿ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಸರ್ಕಾರಿ ಕಚೇರಿಗೆ ಹೆಂಗಸರು ಹಿಜಾಬ್ ಹಾಕ್ಕೊಂಡೇ ಬರಬೇಕು ಅಂತ ಕ್ರಾಂತಿಯ ನಾಯಕ ಖೊಮೇನಿ ಹೇಳಿದ ಮಾರನೇ ದಿನ, ಮಾರ್ಚ್ 8ಕ್ಕೆ, ತೆಹ್ರಾನಲ್ಲಿ ಸಾವಿರಾರು ಹೆಂಗಸರು ಬೀದಿಗೆ ಬಂದ್ರು. ಆದ್ರೆ ಅವತ್ತು ಹೆಚ್ಚಿನ ಗಂಡಸರು ಜೊತೆಗೆ ನಿಲ್ಲಲಿಲ್ಲ. ಎಡಪಂಥದ ಮಹಾನ್ ಕ್ರಾಂತಿಕಾರಿಗಳು ಕೂಡ "ಇದೆಲ್ಲ ಸಣ್ಣ ವಿಷ್ಯ, ಮೊದ್ಲು ಅಮೆರಿಕಾ ವಿರುದ್ಧ ಹೋರಾಟ, ಬಟ್ಟೆ ವಿಷ್ಯ ಆಮೇಲೆ" ಅಂದ್ರು. ಆ ಆಮೇಲೆ ಬರೋಕೆ 43 ವರ್ಷ ಹಿಡೀತು. 1983ರಲ್ಲಿ ಕಾನೂನೇ ಆಯ್ತು, ಹಿಜಾಬ್ ಇಲ್ದೆ ಹೊರಗೆ ಬಂದ್ರೆ 74 ಛಡಿ ಏಟು.

ಆಮೇಲೆ ಶುರುವಾಗಿದ್ದು ಇಂಚಿಂಚಿನ ಜಗಳ. ಸ್ಕಾರ್ಫ್ ಒಂದು ವರ್ಷ ಹಣೆ ಮೇಲಿದ್ದದ್ದು ಇನ್ನೊಂದು ವರ್ಷ ನೆತ್ತಿಗೆ ಜಾರೋದು, ಮಾಂತೋ ಅನ್ನೋ ಮೇಲಂಗಿ ಮೊಣಕಾಲಿಂದ ತೊಡೆಗೆ ಏರೋದು, ಪೊಲೀಸರು ಬಂದ್ರೆ ಎಳ್ಕೊಳ್ಳೋದು ಹೋದ್ರೆ ಬಿಡೋದು. 2017ರ ಡಿಸೆಂಬರ್ 27ಕ್ಕೆ ವಿದಾ ಮೊವಾಹೆದ್ ಅನ್ನೋಳು ತೆಹ್ರಾನಿನ ಇಂಕಿಲಾಬ್ ಬೀದಿಲಿ ಒಂದು ಕರೆಂಟ್ ಬಾಕ್ಸ್ ಮೇಲೆ ಹತ್ತಿ ನಿಂತು, ತನ್ನ ಬಿಳಿ ಸ್ಕಾರ್ಫನ್ನ ಕೋಲಿಗೆ ಕಟ್ಟಿ ಸುಮ್ನೆ ಹಿಡಿದಿದ್ಲು, ಘೋಷಣೆ ಇಲ್ಲ, ಕೂಗಾಟ ಇಲ್ಲ. ಅದನ್ನ ನೋಡಿ ಇನ್ನಷ್ಟು ಹುಡ್ಗೀರು ಅಂಥದೇ ಬಾಕ್ಸ್ ಹತ್ತಿದ್ರು. ಆಗ ಅಧಿಕಾರಿಗಳು ಏನ್ ಮಾಡಿದ್ರು ಗೊತ್ತಾ, ಆ ಬಾಕ್ಸುಗಳ ತಲೆ ಮೇಲೆ ಇಳಿಜಾರು ತಗಡು ಕೂರಿಸಿದ್ರು, ಯಾರೂ ಹತ್ತಿ ನಿಲ್ಲಬಾರದು ಅಂತ. ಒಂದು ಹುಡುಗಿಗೆ ಹೆದರಿ ಕರೆಂಟ್ ಬಾಕ್ಸಿಗೆ ಮಾಡು ಹಾಕಿಸಿದ ಸರ್ಕಾರ ಅದು.

2022ರಲ್ಲಿ ಬೇರೆ ಆಗಿದ್ದು ಏನಂದ್ರೆ ಈ ಸಲ ಗಂಡಸರೂ ಬಂದ್ರು. ಅಪ್ಪ, ಅಣ್ಣ, ಅಂಗಡಿಯವನು, ಕಾರ್ಖಾನೆಯವನು ಎಲ್ಲರೂ. ಸ್ಕೂಲ್ ಹುಡ್ಗೀರು ಕ್ಲಾಸಲ್ಲಿ ಗೋಡೆ ಮೇಲಿದ್ದ ನಾಯಕರ ಫೋಟೋ ಇಳಿಸಿದ್ರು. ಕುರ್ದರು, ಬಲೂಚರು, ಅಜೆರಿಗಳು, ಪಾರ್ಸಿ ಮಾತಾಡೋರು ಎಲ್ಲಾ ಒಂದೇ ಹೆಸರು ಕೂಗಿದ್ರು, ಅದೂ ಒಂದು ಸಣ್ಣ ಊರಿನ ಕುರ್ದಿ ಸುನ್ನಿ ಹುಡುಗಿ ಹೆಸರು. ಇರಾನ್ ಗೊತ್ತಿರೋರಿಗೆ ಇದು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳೋದು ಬೇಡ.

ಈಗ ಬೀದಿ ನೋಡಿ. ತೆಹ್ರಾನ್ ಮೆಟ್ರೋ, ವಲಿ ಅಸ್ರ್ ರಸ್ತೆ, ಕಾಫಿ ಅಂಗಡಿಗಳು, ಬರೀ ರಾಜಧಾನಿ ಅಲ್ಲ, ಶಿರಾಜ್, ರಶ್ತ್, ಇಸ್ಫಹಾನ್ ಎಲ್ಲಾ ಕಡೆ ತಲೆಗೆ ಏನೂ ಹಾಕದೆ ಹೆಂಗಸರು ಓಡಾಡ್ತಾರೆ. ಇವರು ಹೋರಾಟಗಾರ್ತಿಯರಲ್ಲ ಮಾರಾಯ್ರೇ, ಸೊಪ್ಪು ತರಕಾರಿ ತರೋಕೆ ಬಂದೋರು, ಬ್ಯಾಂಕಿಗೆ ಹೊರಟೋರು. ಮಗಳು ಬರಿತಲೇಲಿ, ಪಕ್ಕದಲ್ಲಿ ಅಮ್ಮ ಮೈ ಪೂರ್ತಿ ಮುಚ್ಚೋ ಕರೀ ಚಾದರಲ್ಲಿ, ಇಬ್ರೂ ಕೈ ಹಿಡ್ಕೊಂಡು ಹೋಗ್ತಿರ್ತಾರೆ. ನನ್ನ ಲೆಕ್ಕದಲ್ಲಿ ಗೆಲುವು ಅಂದ್ರೆ ಈ ಜೋಡಿನೇ, ಯಾಕಂದ್ರೆ ಆ ಅಮ್ಮನ ನಂಬಿಕೆ ಹೋಗಿಲ್ಲ, ಮಗಳ ಮೇಲೆ ಅದನ್ನ ಹೇರೋ ಹಠ ಹೋಗಿದೆ.

ಇಲ್ಲೊಂದು ಅಡ್ಡಮಾತು. 2022ರ ಅದೇ ಸೆಪ್ಟೆಂಬರಲ್ಲಿ ದಿಲ್ಲಿ ಸುಪ್ರೀಂ ಕೋರ್ಟಲ್ಲಿ ನಮ್ಮ ಉಡುಪಿ ಕಾಲೇಜಿಂದ ಶುರುವಾದ ಹಿಜಾಬ್ ಕೇಸಿನ ವಾದ ನಡೀತಿತ್ತು, ವಾದದಲ್ಲಿ ಇರಾನ್ ಹೆಸರೂ ಬಂತು, ಅಕ್ಟೋಬರ್ 13ಕ್ಕೆ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಂತೂ ಇರಾನಿ ಹುಡ್ಗೀರನ್ನ ಹಿಡ್ಕೊಂಡು ಬಂದು ಇಲ್ಲಿಯ ಹುಡ್ಗೀರ ಮೇಲೆ ಎಸೆದಿದ್ದೇ ಎಸೆದಿದ್ದು. ಆದ್ರೆ ಇರಾನಿನವರಿಗೆ ಎರಡೂ ಗೊತ್ತು. 1936ರಲ್ಲಿ ಅಲ್ಲಿಯ ದೊರೆ ರೆಜಾ ಶಾ ಪರದೆ ಹಾಕಬಾರದು ಅಂತ ಆದೇಶ ಹೊರಡಿಸಿ ಪೊಲೀಸರ ಕೈಲಿ ಬೀದೀಲಿ ಚಾದರ್ ಕೀಳಿಸಿದ್ದ, ಆಗ ಎಷ್ಟೋ ಅಜ್ಜಿಯಂದಿರು ವರ್ಷಗಟ್ಟಲೆ ಹೊಸಿಲು ದಾಟಲಿಲ್ಲ. ಅಜ್ಜಿಗೆ ಕಿತ್ತರು, ಅಮ್ಮನಿಗೆ ಹಾಕಿಸಿದರು, ಮಗಳು ಈಗ "ನನ್ನ ತಲೆ, ನಾನು ನೋಡ್ಕೋತೀನಿ" ಅಂತಿದಾಳೆ. ಅದನ್ನ ಅರ್ಧ ಮಾತ್ರ ಕೇಳಿಸ್ಕೊಳ್ಳೋರಿಗೆ ನಾನೇನ್ ಹೇಳ್ಲಿ.

ಸರಿ, ಮುಂದೆ. ಸರ್ಕಾರ ಸೋಲೊಪ್ಪಿಕೊಂಡಿದ್ದಕ್ಕೆ ದಾಖಲೆನೇ ಇದೆ. ಹಿಜಾಬ್ ಮತ್ತೆ ಪಾವಿತ್ರ್ಯ ಅಂತ ಒಂದು ಹೊಸ ಕಾನೂನು ಮಾಡಿದ್ರು, ಭಾರಿ ದಂಡ, ಜೈಲು, ಬ್ಯಾಂಕ್ ಸೇವೆ ಕಟ್, ಪಾಸ್‌ಪೋರ್ಟ್ ಕಟ್ ಎಲ್ಲಾ ಇತ್ತು ಅದರಲ್ಲಿ. ಮಜ್ಲಿಸ್, ಅಂದ್ರೆ ಅಲ್ಲಿಯ ಸಂಸತ್ತು, ಪಾಸ್ ಮಾಡಿತು, ಕಾನೂನನ್ನೂ ಚುನಾವಣೆಗೆ ನಿಲ್ಲೋರನ್ನೂ ಸೋಸೋ ಗಾರ್ಡಿಯನ್ ಕೌನ್ಸಿಲ್ 2024ರ ಸೆಪ್ಟೆಂಬರಲ್ಲಿ ಒಪ್ಪಿತು, ಡಿಸೆಂಬರಲ್ಲಿ ಜಾರಿಗೆ ಬರಬೇಕಿತ್ತು. ಬರಲೇ ಇಲ್ಲ. ರಾಷ್ಟ್ರೀಯ ಭದ್ರತಾ ಮಂಡಳಿ "ತಡೀರಿ" ಅಂತು. ಅಧ್ಯಕ್ಷ ಪೆಜೆಶ್ಕಿಯಾನ್ "ನನ್ನ ಕೈಲಿ ಜಾರಿ ಮಾಡಕ್ಕಾಗಲ್ಲ" ಅನ್ನೋ ಧಾಟಿಲೇ ಮಾತಾಡಿದ್ರು. 43 ವರ್ಷ ಹಿಜಾಬೇ ನಮ್ಮ ಕೆಂಪು ಗೆರೆ ಅಂತಿದ್ದ ರಾಜ್ಯ, ತಾನೇ ಪಾಸ್ ಮಾಡಿದ ಕಾನೂನನ್ನ ಗೆಜೆಟಲ್ಲಿ ಹಾಕೋಕೆ ಹೆದರ್ತು ಅಂದ್ರೆ ಅದನ್ನ ಸೋಲು ಅನ್ನದೆ ಏನನ್ನಬೇಕು?

ಇದು ರಾತ್ರೋರಾತ್ರಿ ಆಗಿದ್ದಲ್ಲ, ಹಿಂದೆ ನಲವತ್ತು ವರ್ಷದ ಅಡಿಪಾಯ ಇದೆ, ತಮಾಷೆ ಅಂದ್ರೆ ಆ ಅಡಿಪಾಯ ಹಾಕಿದ್ದು ಇದೇ ಇಸ್ಲಾಮಿಕ್ ಗಣರಾಜ್ಯ. ಹಳ್ಳಿ ಹಳ್ಳಿಗೂ ಸ್ಕೂಲ್ ಕಟ್ಟಿಸಿದ್ರು, ಮೇಷ್ಟ್ರು ಹೆಂಗಸೇ, ಕ್ಲಾಸಲ್ಲಿ ಗಂಡುಹುಡುಗರಿಲ್ಲ, ಹುಡ್ಗೀರೆಲ್ಲ ಹಿಜಾಬಲ್ಲಿ, ಹಾಗಾಗಿ ಮಡಿವಂತ ಅಪ್ಪಂದಿರು ಕೂಡ ಧೈರ್ಯವಾಗಿ ಮಗಳನ್ನ ಓದೋಕೆ ಕಳಿಸಿದ್ರು. 2000ದ ಹೊತ್ತಿಗೆ ಯೂನಿವರ್ಸಿಟಿ ಸೇರೋರಲ್ಲಿ ಹೆಣ್ಮಕ್ಕಳೇ ಹೆಚ್ಚಾಗಿಬಿಟ್ರು. ಸರ್ಕಾರ ಗಾಬರಿ ಬಿದ್ದು 2012ರಲ್ಲಿ 36 ಯೂನಿವರ್ಸಿಟಿಗಳ 77 ಕೋರ್ಸುಗಳಿಗೆ ಹೆಣ್ಮಕ್ಕಳು ಬರಬಾರದು ಅಂದಿತು, ಅಷ್ಟೊತ್ತಿಗೆ ಕಾಲ ಮೀರಿತ್ತು. ಮಕ್ಕಳ ಲೆಕ್ಕ ನೋಡಿ, 1980ರ ದಶಕದ ಮೊದಲಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರರ ಮೇಲೆ ಮಕ್ಕಳು, ಇಪ್ಪತ್ತೇ ವರ್ಷದಲ್ಲಿ ಅದು ಎರಡಕ್ಕೆ ಬಂತು. ಹಳ್ಳಿ ಆರೋಗ್ಯ ಕೇಂದ್ರದ ಬೆಹವರ್ಜ್ ಅನ್ನೋ ಕಾರ್ಯಕರ್ತರು, ನಮ್ಮ ಆಶಾ ಕಾರ್ಯಕರ್ತೆಯರ ಥರ ಅನ್ಕೊಳ್ಳಿ, ಮನೆ ಮನೆಗೆ ಮಾತ್ರೆ ಹಂಚಿದ್ರು, ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ರೂ ಕುಟುಂಬ ಯೋಜನೆ ಕ್ಲಾಸಿಗೆ ಕೂರಲೇಬೇಕಿತ್ತು. ಈಗ ಅದೇ ಸರ್ಕಾರ ಉಲ್ಟಾ ಹೊಡೆದು 2021ರಲ್ಲಿ ಹೆಚ್ಚು ಹೆರಿ ಅಂತ ಕಾನೂನು ತಂದು ಪುಕ್ಕಟೆ ಮಾತ್ರೆ ನಿಲ್ಲಿಸಿದೆ. ಯಾರೂ ಹೆರ್ತಿಲ್ಲ. ಬೀದೀಲಿ ಪೊಲೀಸ್ ನಿಲ್ಲಿಸಬಹುದು, ಮಲಗೋ ಕೋಣೇಲಿ ಯಾರನ್ನ ನಿಲ್ಲಿಸ್ತೀರಿ?

ಡಿಶ್ ಆಂಟೆನಾ ಕಥೆ ಒಂದು ಹೇಳಿ ಈ ಕಡೆ ವಾದ ಮುಗಿಸ್ತೀನಿ. ಸ್ಯಾಟಲೈಟ್ ಡಿಶ್ ಇಟ್ಕೊಳ್ಳೋದು ಇರಾನಲ್ಲಿ 1990ರ ದಶಕದ ಮಧ್ಯದಿಂದ ಅಪರಾಧ. ಪೊಲೀಸರು ಬಿಲ್ಡಿಂಗ್ ಹತ್ತಿ ಡಿಶ್ ಕಿತ್ತು ಕೆಳಕ್ಕೆಸೆಯೋರು, ಸಂಜೆಗೆ ಇನ್ನೊಂದು ಬರೋದು. ಕಾನೂನು ಅಲ್ಲೇ ಇದೆ, ಡಿಶ್ಶೂ ಚಾವಣಿ ಮೇಲೇ ಇದೆ, ಯಾರಿಗೂ ಅದು ವಿಷಯವೇ ಅಲ್ಲ. ವಿಪಿಎನ್ನೂ ಅಷ್ಟೇ, ಅದಕ್ಕೆ ಅವರು ಫಿಲ್ಟರ್‌ಶಿಕನ್ ಅಂತಾರೆ, ಫಿಲ್ಟರ್ ಮುರಿಯೋದು ಅಂತ, ಅಜ್ಜಿ ಫೋನಲ್ಲೂ ಇರುತ್ತೆ. ಇರಾನಿನ ಜನ ಕಾನೂನನ್ನ ಹಾಗೇ ನಿಲ್ಲಿಸಿ ಪಕ್ಕದಲ್ಲಿ ದಾರಿ ಮಾಡ್ಕೊಂಡು ನಡೆಯೋರು, ತಲೆವಸ್ತ್ರವೂ ಈಗ ಆ ಪಟ್ಟಿಗೆ ಸೇರಿದೆ.

ವಿರೋಧ: ಗೆದ್ದರು ಅಂದ್ರೆ ಸೋತವರು ಯಾರು, ಹೆಸರು ಹೇಳಿ

ಮೇಲಿಂದೆಲ್ಲ ಓದಿ ಖುಷಿ ಆಗಿದ್ರೆ ಒಂದು ನಿಮಿಷ ನಿಲ್ಲಿ. ಮೂರು ವರ್ಷದಲ್ಲಿ ಮಹ್ಸಾ ಸಾವಿಗೆ ಯಾವ ಅಧಿಕಾರಿಗೆ ಶಿಕ್ಷೆ ಆಯ್ತು? ಸರ್ಕಾರಿ ವಿಧಿವಿಜ್ಞಾನ ಇಲಾಖೆ, ಏಟಿಂದ ಸತ್ತಿದ್ದಲ್ಲ, ಎಂಟು ವರ್ಷದವಳಿದ್ದಾಗ ಆದ ಮೆದುಳಿನ ಆಪರೇಷನ್ ಕಾರಣ ಅಂತ ವರದಿ ಕೊಟ್ಟು ಕೈ ತೊಳ್ಕೊಂಡಿತು. 2024ರ ಮಾರ್ಚಲ್ಲಿ ವಿಶ್ವಸಂಸ್ಥೆಯ ತನಿಖಾ ತಂಡ, ಕಸ್ಟಡಿಲಿ ನಡೆದ ದೈಹಿಕ ಹಿಂಸೆಯೇ ಸಾವಿಗೆ ಕಾರಣ ಅಂತು, ಅದರಿಂದ ಅಲ್ಲಿ ಯಾರ ಕೆಲಸವೂ ಹೋಗಲಿಲ್ಲ. ಜೈಲಿಗೆ ಹೋದವರು ಯಾರು ಗೊತ್ತಾ, ಸುದ್ದಿ ಬರೆದ ಇಬ್ಬರು ಪತ್ರಕರ್ತೆಯರು, ನಿಲೂಫರ್ ಹಮೇದಿ ಮತ್ತೆ ಇಲಾಹೆ ಮೊಹಮ್ಮದಿ. ಒಬ್ಳು ಆಸ್ಪತ್ರೆಗೆ ಹೋಗಿ ಬರೆದಿದ್ಲು, ಇನ್ನೊಬ್ಳು ಸಕ್ಕೆಜ್‌ಗೆ ಹೋಗಿ ಅಂತ್ಯಕ್ರಿಯೆ ಬಗ್ಗೆ ಬರೆದಿದ್ಲು. ಇಬ್ರೂ ವರ್ಷದ ಮೇಲೆ ಒಳಗಿದ್ದು ಬಂದ್ರು.

ಸತ್ತೋರ ಲೆಕ್ಕ ಹೇಳಲೇಬೇಕು. ವಿಶ್ವಸಂಸ್ಥೆ ತಂಡದ ವರದಿ ಪ್ರಕಾರ ಆ ಚಳವಳಿಲಿ 551 ಜನರ ತನಕ ಸತ್ತಿದಾರೆ, ಅದರಲ್ಲಿ 68 ಮಕ್ಕಳು. 2022ರ ಸೆಪ್ಟೆಂಬರ್ 30ರ ಶುಕ್ರವಾರ ಬಲೂಚಿಸ್ತಾನದ ಜಾಹೆದಾನಲ್ಲಿ ನಮಾಜ್ ಹೊತ್ತಲ್ಲಿ ಒಂದೇ ದಿನಕ್ಕೆ 60ಕ್ಕೂ ಹೆಚ್ಚು ಜನ, ಬಹುತೇಕ ಬಲೂಚರು. ತೆಹ್ರಾನಿನ ಕಾಫಿ ಅಂಗಡಿ ಫೋಟೋ ಹಾಕ್ಕೊಂಡು ಗೆಲುವು ಗೆಲುವು ಅನ್ನೋರು, ಅದಕ್ಕೆ ರಕ್ತ ಕೊಟ್ಟೋರು ಬಲೂಚಿಸ್ತಾನ ಕುರ್ದಿಸ್ತಾನದವರು ಅಂತ ಯಾವಾಗಾದ್ರೂ ನೆನೆಸ್ಕೋತಾರಾ? ಆಮೇಲೆ ನೇಣು ಶುರು. ಡಿಸೆಂಬರ್ 8ಕ್ಕೆ ಮೊಹ್ಸೆನ್ ಶೆಕಾರಿ, 23 ವರ್ಷ, ರಸ್ತೆ ತಡೆದು ಬಸೀಜ್ ಅನ್ನೋ ಸರ್ಕಾರಿ ಸ್ವಯಂಸೇವಕ ಪಡೆಯ ಒಬ್ಬನಿಗೆ ಚಾಕುಲಿ ಗಾಯ ಮಾಡಿದ ಅನ್ನೋ ಆರೋಪ. ನಾಲ್ಕು ದಿನ ಬಿಟ್ಟು ಮಜಿದ್‌ರೆಜಾ ರಹ್ನವರ್ದ್, ಅವನಿಗೂ 23, ಮಶ್ಹದ್‌ನಲ್ಲಿ ಕ್ರೇನಿಗೆ ಕಟ್ಟಿ ಬಹಿರಂಗವಾಗಿ. ರಹ್ನವರ್ದ್‌ನನ್ನ ಹಿಡಿದು ನೇಣಿಗೆ ಹಾಕೋವರೆಗೆ ತಿಂಗಳೂ ಹಿಡೀಲಿಲ್ಲ. ಈ ಚಳವಳಿ ಕೇಸುಗಳಲ್ಲೇ ಹತ್ತಕ್ಕೂ ಹೆಚ್ಚು ಜನ ಹೀಗೆ ಹೋದ್ರು.

ಒಟ್ಟು ನೇಣಿನ ಸಂಖ್ಯೆ ನೋಡಿದ್ರೆ ಇನ್ನೂ ಬೇರೆ ಕಥೆ. ನಾರ್ವೆಲಿರೋ ಇರಾನ್ ಮಾನವ ಹಕ್ಕು ಸಂಸ್ಥೆ ಎಣಿಸಿದ ಪ್ರಕಾರ 2023ರಲ್ಲಿ 834, 2024ರಲ್ಲಿ 975, 2025ರಲ್ಲಿ ಸೆಪ್ಟೆಂಬರ್ ಮುಗಿಯೋದ್ರೊಳಗೇ ಸಾವಿರ. ಹೆಚ್ಚಿನವು ಡ್ರಗ್ಸ್ ಕೇಸು, ಕೊಲೆ ಕೇಸು, ನಿಜ, ಆದ್ರೆ ಬೀದೀಲಿ ಸ್ಕಾರ್ಫ್ ಕಡಿಮೆ ಆದಷ್ಟೂ ಜೈಲಲ್ಲಿ ಹಗ್ಗ ಜಾಸ್ತಿ ಆಯ್ತಲ್ಲ, ಅದನ್ನ ಕಾಕತಾಳೀಯ ಅಂತ ನನ್ನ ಹತ್ರ ಹೇಳಬೇಡಿ. ಎವಿನ್ ಮತ್ತೆ ಬೇರೆ ಜೈಲುಗಳಲ್ಲಿ ಕೈದಿಗಳು 2024ರ ಜನವರಿಯಿಂದ ಪ್ರತಿ ಮಂಗಳವಾರ ನೇಣು ಬೇಡ ಅಂತ ಉಪವಾಸ ಕೂರ್ತಿದಾರೆ. ಕುರ್ದಿ ಸಮಾಜಸೇವಕಿ ಪಖ್ಶಾನ್ ಅಜೀಜಿಗೆ ಕೊಟ್ಟ ಮರಣದಂಡನೆಯನ್ನ 2025ರ ಜನವರಿಲಿ ಅಲ್ಲಿಯ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು.

ಇನ್ನು ಹಿಜಾಬ್ ವಿಷಯಕ್ಕೆ ಬರ್ತೀನಿ. ಬಿಟ್ಟಿದಾರೆ ಅಂತೀರಲ್ಲ, ಬಿಟ್ಟಿಲ್ಲ, ಹಿಡಿಯೋ ರೀತಿ ಬದಲಾಗಿದೆ. ಮುಂಚೆ ಕೈ ಹಿಡಿದು ವ್ಯಾನಿಗೆ ಎಳೀತಿದ್ರು, ಅದು ವಿಡಿಯೋ ಆಗಿ ಜಗತ್ತೆಲ್ಲಾ ನೋಡ್ತಿತ್ತು. ಈಗ ನಾಜೆರ್ ಅಂತ ಒಂದು ಆ್ಯಪ್ ಇದೆ, ಪೊಲೀಸರು ಒಪ್ಪಿಗೆ ಕೊಟ್ಟ ಜನ ಅದರಲ್ಲಿ ಹಿಜಾಬ್ ಹಾಕದವಳು ಕೂತಿದ್ದ ಗಾಡಿ ನಂಬರ್, ಜಾಗ, ಸಮಯ ಹಾಕಿದ್ರೆ ಸಾಕು, ಗಾಡಿ ಓನರಿಗೆ ಮೆಸೇಜ್ ಬರುತ್ತೆ, ಮತ್ತೆ ಮತ್ತೆ ಆದ್ರೆ ಗಾಡಿನೇ ಸೀಜ್. ರಸ್ತೆ ಕ್ಯಾಮೆರಾ ಇದೆ, ಡ್ರೋನ್ ಬಿಟ್ಟಿದಾರೆ, ತೆಹ್ರಾನಿನ ಅಮೀರ್ ಕಬೀರ್ ಯೂನಿವರ್ಸಿಟಿ ಗೇಟಲ್ಲಿ ಮುಖ ಗುರುತಿಸೋ ಸಾಫ್ಟ್‌ವೇರ್ ಹಾಕಿದಾರೆ. ಹಿಜಾಬ್ ಇಲ್ದೋರಿಗೆ ಕಾಫಿ ಕೊಟ್ಟ ಅಂತ ಅಂಗಡಿಗೆ ಸೀಲು. ಶಿಕ್ಷೆ ಮೈಯಿಂದ ಜೇಬಿಗೆ ಇಳಿದಿದೆ ಅಷ್ಟೇ. ಸ್ವಂತ ಕಾರಿರೋಳು, ದಂಡ ಕಟ್ಟೋ ಶಕ್ತಿ ಇರೋಳು ಇದನ್ನ ತಡ್ಕೋತಾಳೆ, ಶೇರ್ ಟ್ಯಾಕ್ಸಿಲಿ ಓಡಾಡೋಳಿಗೆ ಡ್ರೈವರೇ "ಅಕ್ಕಾ, ತಲೆಗೊಂದು ಹಾಕ್ಕೊಳಮ್ಮಾ, ನನ್ನ ಗಾಡಿ ಹೋಗುತ್ತೆ" ಅಂತ ಕೈ ಮುಗೀತಾನೆ. ಪೊಲೀಸ್ ಕೆಲಸ ಈಗ ಡ್ರೈವರ್ ಮೇಲೆ, ಅಂಗಡಿಯವನ ಮೇಲೆ ಬಿದ್ದಿದೆ. ಹಂಗಂತ ಮೈ ಮೇಲಿನ ಏಟು ಪೂರ್ತಿ ನಿಂತಿದೆಯಾ ಅಂದ್ರೆ ಅದೂ ಇಲ್ಲ, 2024ರ ಜನವರಿಲಿ ತೆಹ್ರಾನಲ್ಲಿ ಒಬ್ಬ ಹೆಣ್ಣುಮಗಳಿಗೆ ಅದೇ ಹಳೇ 74 ಏಟು ಹೊಡೆದ್ರು. ಅದಕ್ಕೆ ಮೂರು ತಿಂಗಳ ಮುಂಚೆ ಆರ್ಮಿತಾ ಗರಾವಂದ್ ಅನ್ನೋ ಹದಿಹರೆಯದ ಹುಡುಗಿ ಹಿಜಾಬ್ ಇಲ್ದೆ ಮೆಟ್ರೋ ಹತ್ತಿದ್ದು, ಪ್ರಜ್ಞೆ ತಪ್ಪಿದ ಅವಳನ್ನ ಹೊರಗೆ ಎತ್ತಿ ತಂದಿದ್ದು, ತಿಂಗಳೊಳಗೆ ಅವಳೂ ತೀರಿಕೊಂಡಿದ್ದು.

ಮತ್ತೆ, ತಲೆವಸ್ತ್ರ ಫೋಟೋದಲ್ಲಿ ಕಾಣುತ್ತೆ ಅಂತ ನಾವೆಲ್ಲ ಅದನ್ನೇ ಹಿಡ್ಕೊಂಡಿದೀವಿ. ಕಾಣದೆ ಇರೋದನ್ನ ಕೇಳಿ. ಮದುವೆಯಾದ ಹೆಂಗಸು ಪಾಸ್‌ಪೋರ್ಟ್ ಮಾಡಿಸಬೇಕಾದ್ರೆ ಗಂಡನ ಲಿಖಿತ ಒಪ್ಪಿಗೆ ಬೇಕು, ಇವತ್ತಿಗೂ. ಅಪ್ಪನ ಆಸ್ತೀಲಿ ಅಣ್ಣನ ಅರ್ಧ. ಎಷ್ಟೋ ಕೇಸಲ್ಲಿ ಸಾಕ್ಷಿ ಹೇಳಿದ್ರೆ ಗಂಡಸಿನ ಅರ್ಧ ತೂಕ. ಹುಡುಗೀರ ಮದುವೆ ವಯಸ್ಸು 13, ಕೋರ್ಟ್ ಒಪ್ಪಿದ್ರೆ ಅದಕ್ಕಿಂತ ಕಮ್ಮಿನೂ ಆಗುತ್ತೆ. ಯೂನಿವರ್ಸಿಟಿ ತುಂಬಾ ಹೆಣ್ಮಕ್ಕಳು ಅಂದೆ ಮೇಲೆ, ಆದ್ರೆ ಕೆಲಸದಲ್ಲಿರೋರು, ಕೆಲಸ ಹುಡುಕ್ತಿರೋರು ಸೇರಿದ್ರೂ ನೂರು ಹೆಂಗಸರಲ್ಲಿ ಹದಿನೈದು ಜನವೂ ಇಲ್ಲ, ಓದಿದ ಅಷ್ಟೊಂದು ಜನ ಮನೇಲಿ ಕೂತಿದಾರೆ. ಇದರಲ್ಲಿ ಒಂದು ಸಾಲನ್ನಾದ್ರೂ 2022 ಬದಲಾಯಿಸಿತಾ? 2006ರಲ್ಲಿ ಹೆಂಗಸರು ಹತ್ತು ಲಕ್ಷ ಸಹಿ ಅಂತ ಒಂದು ಅಭಿಯಾನ ಶುರು ಮಾಡಿ ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ದು ಈ ಕಾನೂನುಗಳನ್ನೇ, ಅದು ಇನ್ನೂ ಅಲ್ಲೇ ನಿಂತಿದೆ. ನನ್ನ ಪ್ರಕಾರ ಅದು ಸ್ಕಾರ್ಫ್‌ಗಿಂತ ದೊಡ್ಡ ಜಗಳ, ಆದ್ರೆ ಅದರ ವಿಡಿಯೋ ವೈರಲ್ ಆಗಲ್ಲ.

ರಾಜಕೀಯಕ್ಕೆ ಬಂದ್ರೆ ಇನ್ನೂ ಕಷ್ಟ. 2024ರ ಮೇ 19ಕ್ಕೆ ಅಧ್ಯಕ್ಷ ರಯೀಸಿ ಹೆಲಿಕಾಪ್ಟರ್ ಬಿದ್ದು ಸತ್ತ ಮೇಲೆ ಚುನಾವಣೆ ಬಂತು, ನಿಲ್ತೀವಿ ಅಂತ ಹೆಸರು ಕೊಟ್ಟೋರು 80 ಜನ, ಗಾರ್ಡಿಯನ್ ಕೌನ್ಸಿಲ್ ಬಿಟ್ಟಿದ್ದು ಆರು. ಆ ಕೌನ್ಸಿಲಲ್ಲಿ 12 ಜನ, ಆರು ಜನರನ್ನ ಸರ್ವೋಚ್ಚ ನಾಯಕರೇ ನೇಮಿಸ್ತಾರೆ, ಉಳಿದ ಆರು ಜನರ ಹೆಸರು ಕೊಡೋ ನ್ಯಾಯಾಂಗದ ಮುಖ್ಯಸ್ಥನನ್ನ ನೇಮಿಸೋದೂ ಅವರೇ. ಮೊದಲ ಸುತ್ತಿಗೆ ನೂರಕ್ಕೆ 40 ಜನ ಕೂಡ ಓಟು ಹಾಕಲಿಲ್ಲ. ಎರಡನೇ ಸುತ್ತಲ್ಲಿ ಪೆಜೆಶ್ಕಿಯಾನ್ 1.63 ಕೋಟಿ ಓಟು ತಗೊಂಡು ಗೆದ್ರು, ಒಳ್ಳೇ ಮನುಷ್ಯ, ಹೃದಯದ ಡಾಕ್ಟರ್, ಡಿಸೆಂಬರಲ್ಲಿ ವಾಟ್ಸಾಪ್, ಗೂಗಲ್ ಪ್ಲೇ ಬಿಡಿಸಿದ್ರು, ಅಷ್ಟೇ. ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಯೂಟ್ಯೂಬ್ ಹಂಗೇ ಬಂದ್. ಸೋತ ಜಲೀಲಿಗೆ 1.35 ಕೋಟಿ ಓಟು ಬಿದ್ದಿತ್ತು ಅನ್ನೋದನ್ನೂ ಮರೀಬೇಡಿ, ಆತ ಕಡು ಕಟ್ಟರ್. ಅಂದ್ರೆ ಈ ವ್ಯವಸ್ಥೆ ಬೇಕು ಅನ್ನೋರೂ ಅಲ್ಲಿದಾರೆ, ಅವರ ಮನೇಲೂ ಹೆಣ್ಮಕ್ಕಳಿದಾರೆ, ಅವರು ಯಾರ ಬಲವಂತಕ್ಕೂ ಚಾದರ್ ಹಾಕೋರಲ್ಲ. ನಮ್ಮ ಗೌರಿಬಿದನೂರು ತಾಲೂಕಲ್ಲಿ ಶಿಯಾ ಮುಸ್ಲಿಮರೇ ಹೆಚ್ಚಿರೋ ಅಲೀಪುರಕ್ಕೆ ಹೋಗಿ ಇರಾನ್ ಬಗ್ಗೆ ಕೇಳಿದ್ರೆ ನಾನು ಇಲ್ಲಿ ಬರೆದಿರೋ ದೇಶ ಸಿಗಲ್ಲ, ಅವರಿಗದು ಯಾತ್ರೆಯ ನಾಡು, ಮಕ್ಕಳನ್ನ ಡಾಕ್ಟರ್ ಓದಿಸೋ ಊರು.

ಇತ್ತ ವಿರೋಧ ಪಕ್ಷ ಅನ್ನೋದು ಎಲ್ಲಿದೆ? ಚುನಾವಣೆಲಿ ಮೋಸ ಆಯ್ತು ಅಂತ ಎದ್ದ 2009ರ ಹಸಿರು ಚಳವಳಿಗೆ ಮೂಸವಿ ಅಂತ ಒಬ್ಬ ಮುಖ ಇತ್ತು, ಅವರೂ ಅವರ ಹೆಂಡತಿ ಜಹ್ರಾ ರಹ್ನವರ್ದ್ ಅವರೂ 2011ರ ಫೆಬ್ರವರಿಯಿಂದ ಗೃಹಬಂಧನದಲ್ಲಿದಾರೆ. 2022ಕ್ಕೆ ಆ ಮುಖವೂ ಇರಲಿಲ್ಲ. ಹೊರದೇಶದಲ್ಲಿರೋರು 2023ರ ಫೆಬ್ರವರಿಲಿ ವಾಷಿಂಗ್ಟನ್‌ನಲ್ಲಿ ಒಂದೇ ವೇದಿಕೆಲಿ ಕೂತು ಒಕ್ಕೂಟ ಅಂದ್ರು, ಮಾರ್ಚಲ್ಲಿ ಮಹ್ಸಾ ಹೆಸರಲ್ಲಿ ಸನ್ನದು ಅಂದ್ರು, ಏಪ್ರಿಲಿಗೆ ಒಬ್ಬರ ಮೇಲೊಬ್ಬರು ಮುನಿಸ್ಕೊಂಡು ಎದ್ದೋದ್ರು. ಮೂರು ತಿಂಗಳು ಬಾಳಿಕೆ ಬರದ ಒಗ್ಗಟ್ಟು ನಲವತ್ತಾರು ವರ್ಷದ ರಾಜ್ಯಾನ ಬೀಳಿಸುತ್ತಾ?

ದುಡ್ಡಿನ ಮಾತು ಒಂದೇ ಸಾಲಲ್ಲಿ ಹೇಳ್ತೀನಿ: ಕ್ರಾಂತಿ ಆದಾಗ ಒಂದು ಡಾಲರಿಗೆ 70 ರಿಯಾಲ್, 2025ರ ಮಾರ್ಚಲ್ಲಿ ಹತ್ತು ಲಕ್ಷ. ಈ ರೇಟಲ್ಲಿ ಬಾಡಿಗೆ ಕಟ್ಟೋಳಿಗೆ ಸ್ಕಾರ್ಫು ಎಷ್ಟನೇ ಚಿಂತೆ ಅಂತ ನೀವೇ ಯೋಚ್ನೆ ಮಾಡಿ.

ಆಮೇಲೆ ಇಸ್ರೇಲ್ ಜೊತೆ ಯುದ್ಧ ಬಂತು. 2025ರ ಜೂನ್ 13ರಿಂದ 24, ಹನ್ನೆರಡು ದಿನ. ಅಲೀಪುರದ ಮಕ್ಕಳು ಅಲ್ಲೇ ಸಿಕ್ಕಾಕ್ಕೊಂಡಿದ್ದು, ಮನೆಯವರು ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕೂತಿದ್ದು ನಮ್ಮ ಪೇಪರಲ್ಲೂ ಬಂತು. ಜೂನ್ 23ಕ್ಕೆ ಇಸ್ರೇಲ್ ಎವಿನ್ ಜೈಲಿನ ಮೇಲೇ ಬಾಂಬ್ ಹಾಕಿತು, ಅಲ್ಲಿ ಸತ್ತ 70ಕ್ಕೂ ಹೆಚ್ಚು ಜನರಲ್ಲಿ ಕೈದಿಗಳೂ ಇದ್ರು, ಅವರನ್ನ ನೋಡೋಕೆ ಬಂದಿದ್ದ ಮನೆಯವರೂ ಇದ್ರು. ಹೊರಗಿಂದ ಬಿಡಿಸ್ತೀವಿ ಅಂತ ಬಂದೋರು ಮಾಡಿದ್ದು ಅದು. ಒಳಗಿನವರು ಮಾಡಿದ್ದೇನು? ಹಳೇ ದೇಶಭಕ್ತಿ ಗೀತೆ ಹಾಡಿಸಿ ಎಲ್ಲಾ ಒಂದೇ ಅಂದ್ರು, ಅದೇ ಹೊತ್ತಿಗೆ ಪೊಲೀಸರು ತಾವೇ ಹೇಳಿದ ಲೆಕ್ಕದಲ್ಲಿ 21,000 ಜನರನ್ನ ಶಂಕಿತರು ಅಂತ ಹಿಡಿದ್ರು, ಆಫ್ಘನ್ನರನ್ನ ಲಕ್ಷಗಟ್ಟಲೆ ಗಡಿ ದಾಟಿಸಿದ್ರು. ಆ ಬೇಸಿಗೆಲಿ ಹಿಜಾಬ್ ಬಗ್ಗೆ ಯಾರೂ ಕೇಳಲಿಲ್ಲ, ನಿಜ. ಕೈ ತುಂಬಾ ಬೇರೆ ಕೆಲಸ ಇದ್ದೋನು ಸುಮ್ನಿದ್ರೆ ಅದನ್ನ ಸ್ವಾತಂತ್ರ್ಯ ಅಂತ ಬರ್ಕೊಳ್ಳಕ್ಕಾಗುತ್ತಾ? ತಡೆದಿಟ್ಟ ಆ ಹಿಜಾಬ್ ಕಾನೂನನ್ನ ರದ್ದು ಮಾಡಿಲ್ಲ, ಮಜ್ಲಿಸ್ ಪಾಸ್ ಮಾಡಿದ ಪ್ರತಿ ಹಂಗೇ ಇದೆ, ಒಂದು ಸಹಿ ಸಾಕು.

ಮೈಸೂರಿನ ಗೆಳತಿ ವಿಷ್ಯ ಆಮೇಲೆ ಅಂದಿದ್ದೆ. ಈಗ ಅವಳಿರೋದು ತೆಹ್ರಾನಿಂದ ದೂರ, ಒಂದು ಸಣ್ಣ ಊರಲ್ಲಿ. ಮೊನ್ನೆ ಬೇಸಿಗೇಲಿ ಅವಳ ಅಕ್ಕನ ಮಗಳ ಫೋಟೋ ಕಳಿಸಿದ್ಲು, ಹುಡುಗಿ ಬೈಕ್ ಮೇಲೆ ಕೂತಿದಾಳೆ. 2025ರಲ್ಲಿ ಹೆಂಗಸರಿಗೆ ಅಲ್ಲಿ ಬೈಕ್ ಲೈಸೆನ್ಸ್ ಕೊಡ್ತಿರಲಿಲ್ಲ, ಆದ್ರೂ ಓಡಿಸ್ತಿದ್ರು. ಕೂದಲು ಗಾಳಿಗೆ ಹಾರ್ತಿದೆ, ಹಲ್ಲು ಕಾಣೋ ಹಾಗೆ ನಗ್ತಿದಾಳೆ. ನಾನು "ಸ್ಕಾರ್ಫ್ ಎಲ್ಲಿ ಹೋಯ್ತು?" ಅಂತ ತಮಾಷೆಗೆ ಕೇಳಿದೆ. "ಝೂಮ್ ಮಾಡಿ ಹಿಂದುಗಡೆ ನೋಡು" ಅಂದ್ಲು. ನೋಡಿದೆ. ನೀಲಿ ಹೂವಿನ ಸ್ಕಾರ್ಫ್, ಕ್ಯಾಮೆರಾಗೆ ಕಾಣದ ಹಾಗೆ ನಂಬರ್ ಪ್ಲೇಟಿಗೆ ಬಿಗಿಯಾಗಿ ಕಟ್ಟಿದ್ಲು.